ಮೇಲಿನ ಕಲ್ಲು

"ಕಲ್ಲ ನೋಡಾಕ ಇಷ್ಟು ದೂರ ಹೋಗಬೇಕೇನ? ನಮ್ಮ ಹೊಲದಾಗ ಏನ ಕಮ್ಮಿ ಅದಾವು?" ಟಂಟಂ ಆಟೋದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಸಿದ್ದಲಿಂಗವ್ವ ಕೇಳಿದಳು.

ಹೀಗೆ ಕೇಳಿದವಳೇ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ಬಂದು ಕೂತಿದ್ದಳು. ಬರಬೇಡಿ, ಬಿಸಿಲು ಆಗುತ್ತದೆ, ಮೊಣಕಾಲು ನೋಯುತ್ತದೆ ಎಂದು ಸೊಸೆ ಸುನಂದಾ ಹೇಳಿದ್ದಕ್ಕೆಲ್ಲ ಅವಳ ಬಳಿ ಒಂದೇ ಉತ್ತರವಿತ್ತು. "ಮೊಣಕಾಲ ನಂದು. ನೀ ಯಾಕ ಚಿಂತಿ ಮಾಡ್ತಿ?"

"ಹೊಲದಾಗಿನ ಕಲ್ಲ ಸುಮ್ನ ಬಿದ್ದಾವ ಆಯಿ. ಅಲ್ಲಿ ಕೆತ್ತಿ ಇಟ್ಟಾರ," ಎಂದಳು ಮೊಮ್ಮಗಳು ಪಲ್ಲವಿ.

"ಕೆತ್ತಿ ಏನ ಮಾಡ್ಯಾರ?"

"ಅದನ್ನ ನೋಡಾಕನ ಹೊಂಟೀವಲ್ಲ."

ಮುದುಕಿ ನಕ್ಕಳು. ಎದುರಿಗೆ ಕೂತಿದ್ದ ಸುನಂದಾ ನಗಲಿಲ್ಲ. ಅವಳು ಮಡಿಲಲ್ಲಿದ್ದ ಕೈಚೀಲವನ್ನು ಒತ್ತಿ ಹಿಡಿದು ಹೊರಗೆ ನೋಡುತ್ತಿದ್ದಳು. ದಾರಿಯ ಎರಡೂ ಬದಿಗೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಚೀಲದಲ್ಲಿ ಬುತ್ತಿಯ ಡಬ್ಬಿ, ಮುದ್ದೇಬಿಹಾಳದ ಪೇಟೆಯಲ್ಲಿ ಆಗಷ್ಟೇ ಕೊಂಡ ಖಣಗಳು, ಒಂದು ಪೊಟ್ಟಣ ಅರಿಶಿಣದ ಕೊಂಬು ಇದ್ದವು. ಪಲ್ಲವಿಯ ಮದುವೆ ಹತ್ತಿರ ಬಂದಿತ್ತು. ಸೋಮವಾರ ಹೂವಿನ ಹಿಪ್ಪರಗಿಯ ತಮ್ಮ ಮನೆಯಲ್ಲಿ ಅರಿಶಿಣ ಬೀಸುವ ಶಾಸ್ತ್ರ. ಆ ಶಾಸ್ತ್ರಕ್ಕೆ ಬೇಕಾದ ಬೀಸುಕಲ್ಲು ಮನೆಯಲ್ಲಿ ಇರಲಿಲ್ಲ, ಮತ್ತು ಇಲ್ಲ ಎನ್ನುವುದು ಸಿದ್ದಲಿಂಗವ್ವನಿಗೆ ಗೊತ್ತಿರಲಿಲ್ಲ.

ಪೂರ್ತಿ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಅರ್ಧ ಇತ್ತು. ಕೆಳಗಿನ ಕಲ್ಲು ಹಿತ್ತಲಲ್ಲಿ ನೀರಿನ ಡ್ರಮ್ಮಿನ ಕೆಳಗೆ ಭದ್ರವಾಗಿ ಕೂತಿತ್ತು. ಮೇಲಿನ ಕಲ್ಲನ್ನು ಸುನಂದಾ ಎರಡು ವರ್ಷದ ಹಿಂದೆ ಕೊಟ್ಟುಬಿಟ್ಟಿದ್ದಳು. ಆಗ ಸಿದ್ದಲಿಂಗವ್ವ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ತಂಗಡಗಿಯಲ್ಲಿ ಮಗಳ ಮನೆಯಲ್ಲಿದ್ದಳು. ಇತ್ತ ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟುವ ಕೆಲಸ ನಡೆದು ಸಾಮಾನೆಲ್ಲ ಅಂಗಳದಲ್ಲಿ ಹರಡಿತ್ತು. ಅದೇ ಹೊತ್ತಿಗೆ ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು, ಮೆಹರಾಜ ಎಂದು ಹೆಸರು, ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಸಣ್ಣ ಗಾಡಿ ಮಾಡಿಕೊಂಡು ಓಣಿಗೆ ಬಂದಳು. ಯಾರ ಮನೆಯಲ್ಲಾದರೂ ಬಳಸದ ಬೀಸುಕಲ್ಲು ಇದ್ದರೆ ಕೊಡಿ, ಮೇಲಿನದು ಸಾಕು, ಒಂದು ಶಿಲ್ಪ ಮಾಡುತ್ತೇನೆ ಎಂದು ಕೇಳಿದಳು. ಓಣಿಯ ನಾಲ್ಕಾರು ಮನೆಯವರು ಕೊಟ್ಟರು. ಹಿಟ್ಟಿನ ಗಿರಣಿ ಬಂದಮೇಲೆ ಆ ಕಲ್ಲನ್ನು ಯಾರು ಮುಟ್ಟಿದ್ದರು? ಸುನಂದಾ ಕೂಡ ಕೊಟ್ಟಳು. ಗಾಡಿ ಓಣಿ ದಾಟುವ ಮೊದಲೇ ತಪ್ಪು ಮಾಡಿದೆನೆಂದು ಅವಳಿಗೆ ಹೊಳೆದಿತ್ತು. ಓಡಿ ಹೋಗಿ ನಿಲ್ಲಿಸಬಹುದಿತ್ತು. ಗೌಂಡಿ ಸಿಮೆಂಟು ಕೇಳುತ್ತಿದ್ದ, ಅವಳು ಹೋಗಲಿಲ್ಲ.

ಅದು ಸಿದ್ದಲಿಂಗವ್ವನ ತವರಿನ ಕಲ್ಲು. ಮಸೂತಿಯಿಂದ ಈ ಮನೆಗೆ ಸೊಸೆಯಾಗಿ ನಡೆಯಲು ಬಂದ ದಿನ, ಅವಳು ಕೂತ ಚಕ್ಕಡಿಯಲ್ಲೇ ಕಲ್ಲೂ ಬಂದಿತ್ತು.

ಸಂಕ್ರಮಣ ಕಳೆದಾಗಿನಿಂದ ಅತ್ತೆ ದಿನಾ ಕೇಳುತ್ತಿದ್ದಳು. "ಕಲ್ಲ ಹೊರಗ ತಗಸವ್ವಾ, ತೊಳದ ಇಡೂಣು." ಗೊಬ್ಬರದ ಚೀಲಗಳ ಹಿಂದಿದೆ ಎಂದು ಸುನಂದಾ ಒಂದು ದಿನ ಹೇಳಿದಳು. ಗಂಡ ಸಂಗಮೇಶ ಲಗ್ನಪತ್ರಿಕೆ ಹಂಚಲು ಇಂಡಿ ಕಡೆ ಹೋಗಿದ್ದಾರೆ, ಬಂದಮೇಲೆ ತೆಗೆಸುತ್ತೇನೆ ಎಂದು ಮತ್ತೊಂದು ದಿನ. ಹೀಗೆ ಎಷ್ಟು ದಿನ ನಡೆದೀತು? ಬೈದುಬಿಡುವ ಅತ್ತೆಯಾಗಿದ್ದರೆ ಸುನಂದಾ ಯಾವತ್ತೋ ಹೇಳಿ ಬೈಸಿಕೊಂಡು ಹಗುರಾಗುತ್ತಿದ್ದಳು. ಸಿದ್ದಲಿಂಗವ್ವ ಬೈಯುವವಳಲ್ಲ, ಮಾತು ಬಿಡುವವಳು. ಕೇಳದೆ ಎತ್ತು ಮಾರಿದನೆಂದು ಹೊಟ್ಟೆಯಲ್ಲಿ ಹುಟ್ಟಿದ ಮಗನ ಜೊತೆಗೇ ದೀಪಾವಳಿಯಿಂದ ಯುಗಾದಿಯವರೆಗೆ ಮಾತಾಡಿರಲಿಲ್ಲ. ಮಗಳ ಮದುವೆಯ ಚಪ್ಪರದಲ್ಲಿ ಅತ್ತೆ ಹಾಗೆ ಮೋರೆ ತಿರುವಿ ಕೂತರೆ ಹೇಗೆ ಎನ್ನುವುದೇ ಸುನಂದಾಳ ಸಂಕಟವಾಗಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅವಳಿಗೆ ಅತ್ತೆಯ ಮೇಲೆ ಪ್ರೀತಿ ಇತ್ತು.

ಹೊಳೆಯ ದಂಡೆಯ ಹಳೆಯ ಕೋಟೆಯಲ್ಲಿ ಶಿಲ್ಪಗಳ ಪ್ರದರ್ಶನ ನಡೆದಿದೆ ಎಂದು ಪಲ್ಲವಿ ಮೊಬೈಲಿನಲ್ಲಿ ಕಂಡುಹಿಡಿದಿದ್ದಳು. ಒಂದು ಫೋಟೋದಲ್ಲಿ ಮೆಹರಾಜ ನಿಂತಿದ್ದಳು. ಅವಳ ಹಿಂದೆ ಬೀಸುಕಲ್ಲುಗಳು ಸುತ್ತಾಗಿ ಕೂತಿದ್ದವು. ಅರಿಶಿಣ, ಖಣ ತರುವ ನೆಪ ಮಾಡಿ ತಾಯಿ ಮಗಳಿಬ್ಬರೇ ಹೋಗಿ, ಕೈಕಾಲು ಹಿಡಿದಾದರೂ ಕಲ್ಲನ್ನು ವಾಪಸು ತರುವುದೆಂದು ಮಾತಾಗಿತ್ತು. ಆದರೆ ಪಕ್ಕದ ಮನೆಯ ಶೇವಂತೆವ್ವ ಕಟ್ಟೆಗೆ ಬಂದು, ಕೋಟೆಯಲ್ಲಿ ಮೂರ್ತಿ ಇಟ್ಟಿದ್ದಾರಂತೆ, ಜಾತ್ರೆಯ ಹಾಗೆ ಜನ ಹೋಗುತ್ತಿದ್ದಾರಂತೆ ಎಂದು ಊದಿಬಿಟ್ಟಳು. ಆಮೇಲೆ ಮುದುಕಿಯನ್ನು ತಡೆಯುವವರು ಯಾರು?

ಕೋಟೆಯ ಬಾಗಿಲಲ್ಲಿ ಕಾವಲುಗಾರ ಗೈಬುಸಾಬ ಸೀಟಿ ಹಿಡಿದು ನಿಂತಿದ್ದ. ಕಬ್ಬಿಣದ ಗೂಳಿಯೊಂದರ ಬೆನ್ನೇರಿದ್ದ ಶಾಲೆಯ ಹುಡುಗರನ್ನು ಇಳಿಸಿ ಇಳಿಸಿ ಅವನಿಗೆ ಸಾಕಾಗಿತ್ತು. "ನೋಡ್ರಿ, ತಿರಗಾಡ್ರಿ, ಫೋಟೋ ಹೊಡಕೋರಿ. ಆದ್ರ ಮ್ಯಾಲ ಏನೂ ಇಡಬ್ಯಾಡ್ರಿ, ಕುಂಕುಮ ಹಚ್ಚಬ್ಯಾಡ್ರಿ. ನಿನ್ನೆ ಯಾರೋ ಒಂದಕ್ಕ ಎಣ್ಣಿ ಹಾಕಿ ಹೋಗ್ಯಾರ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

"ದೇವರ ಹಂಗ ಕಂಡ್ರ ಹಾಕ್ತಾರ, ಅದಕ್ಕ ಏನ ಮಾಡೂದು ಸಾಬ್ರ?" ಎಂದಳು ಸಿದ್ದಲಿಂಗವ್ವ.

"ದೇವರಲ್ರಿ ಅಮ್ಮಾರ. ಮೀನ ಅದು."

ಒಳಗೆ ಕೋಟೆ ಅರ್ಧ ಬಿದ್ದಿತ್ತು, ಅರ್ಧ ನಿಂತಿತ್ತು. ಬುರುಜಿನ ಮೇಲೆ ಆಡುಗಳು ಮೇಯುತ್ತಿದ್ದವು. ಬಯಲಿನಲ್ಲಿ, ಬೇವಿನ ಮರಗಳ ನಡುವೆ ಅಲ್ಲಲ್ಲಿ ಶಿಲ್ಪಗಳು. ಹಳೆಯ ನೇಗಿಲಿನ ಕುಳಗಳನ್ನೇ ಬೆಸೆದು ಮಾಡಿದ ಗೂಳಿಯ ಸುತ್ತ ಸಿದ್ದಲಿಂಗವ್ವ ಒಂದು ಪ್ರದಕ್ಷಿಣೆ ಹಾಕಿದಳು. "ಮೇವು ಹಾಕೂದಿಲ್ಲ, ಸೆಗಣಿ ಬಳಿಯೂದಿಲ್ಲ. ನಿನ್ನ ಗಂಡನ ಮನ್ಯಾಗ ಇಂಥಾದೊಂದ ಇದ್ರ ಆರಾಮ ಇರ್ತಿ ನೋಡು," ಎಂದು ಮೊಮ್ಮಗಳಿಗೆ ಹೇಳಿದಳು. ನಡುವೆ ದೊಡ್ಡ ತೂತಿದ್ದ ಬಿಳಿಕಲ್ಲಿನ ಎದುರು ನಿಂತು, "ಇದರೊಳಗಿಂದ ಯಾರ ಹೊಕ್ಕೊಂಡ ಹೋದ್ರು?" ಎಂದಳು. ಎಲ್ಲಿಗೂ ಮುಟ್ಟದ ಕಲ್ಲಿನ ಮೆಟ್ಟಿಲುಗಳನ್ನು ಕಂಡಾಗ ಮಾತ್ರ ತಲೆ ಎತ್ತಿ ಕೊನೆಯ ಮೆಟ್ಟಿಲಿನತನಕ ನೋಡಿ, "ಇದು ಚಲೋ ಐತಿ," ಎಂದು ಮುಂದೆ ನಡೆದಳು. ಆಪರೇಶನ್ ಆದ ಕಣ್ಣು. ಏನನ್ನೂ ಬಿಡುತ್ತಿರಲಿಲ್ಲ.

ಆ ಕಣ್ಣಿನ ಮುಂದೆ ನಡೆಯುವುದೇ ಸುನಂದಾಗೆ ಕಷ್ಟವಾಗಿತ್ತು. ಬೇವಿನ ಮರದ ಕೆಳಗೆ ಕೂತು ಮೂವರೂ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಸುನಂದಾ ಒಂದು ತುತ್ತು ತಿಂದು ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿದಳು. ಆಯಿಯನ್ನು ಇಲ್ಲೇ ಹಿಡಿದಿಡು ಎಂದು ಮಗಳಿಗೆ ಕಣ್ಣುಸನ್ನೆ ಮಾಡಿ ಎದ್ದಳು.

"ಎಲ್ಲಿ ಹೊಂಟಿ?" ಎಂದಳು ಅತ್ತೆ.

"ಕೈ ತೊಳಕೊಂಡ ಬರ್ತೇನ್ರಿ."

ಬೀಸುಕಲ್ಲುಗಳು ಕೋಟೆಯ ಹಿಂಭಾಗದಲ್ಲಿ, ಹಿಂದೆ ಧಾನ್ಯ ತುಂಬುತ್ತಿದ್ದ ಕಣಜದ ಮುಂದಿನ ಬಯಲಲ್ಲಿದ್ದವು. ಹತ್ತಾರು ಊರುಗಳ ಮೇಲಿನ ಕಲ್ಲುಗಳು. ಒಂದೊಂದನ್ನೂ ನುಣುಪು ಮಾಡಿದ ಕೆಂಪು ಕಲ್ಲಿನ ಮೇಲೆ, ನೆಲದಿಂದ ಗೇಣೆತ್ತರದಲ್ಲಿ ಕೂಡಿಸಿ, ತಿರುಗಿಸಲು ಹೊಸ ಕಟ್ಟಿಗೆಯ ಗೂಟ ಹಾಕಿದ್ದರು. ಸುತ್ತಾಗಿ ಇಟ್ಟಿದ್ದರಿಂದ ಹೆಣ್ಣುಮಕ್ಕಳೆಲ್ಲ ಬೀಸುತ್ತ ಕೂತು ಈಗಷ್ಟೇ ಎದ್ದು ಹೋದಂತೆ ಕಾಣುತ್ತಿತ್ತು. ಸುನಂದಾಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. ಅವಳು ಅಂಚುಗಳನ್ನೇ ಹುಡುಕುತ್ತ ಬಂದು ತಮ್ಮ ಕಲ್ಲಿನ ಮುಂದೆ ನಿಂತಳು. ಹುಣಸೆಕಾಯಿಯಷ್ಟು ಉದ್ದದ ಚಕ್ಕೆ ಹಾರಿಹೋದ ಜಾಗ ಹಾಗೆಯೇ ಇತ್ತು.

ಮೆಹರಾಜ ಕಣಜದ ನೆರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ತನ್ನತ್ತ ಬಂದ ಸುನಂದಾಳನ್ನು ಕಂಡು ಗುರುತು ಹಿಡಿದು ಎದ್ದಳು. "ಹಿಪ್ಪರಗಿ ಅಕ್ಕಾರಲ್ರಿ? ಬಚ್ಚಲ ಕಟ್ಟಸಾಕತ್ತಿದ್ರಿ. ಚಹಾ ಕೊಟ್ಟಿದ್ರಿ ನನಗ."

"ನಮ್ಮ ಕಲ್ಲ ನಮಗ ಕೊಟ್ಟಬಿಡ್ರಿ," ಎಂದಳು ಸುನಂದಾ. ಚಹಾದ ನೆನಪಿಗೆ ನಗಬೇಕೆಂದೂ ಅವಳಿಗೆ ತೋಚಲಿಲ್ಲ.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮೆಹರಾಜ ಕೇಳುತ್ತ ಕೇಳುತ್ತ ಹಣೆಗೆ ಕೈಹಚ್ಚಿಕೊಂಡಳು. "ಅಕ್ಕಾರ, ನಾ ಕೊಡೂದಿಲ್ಲ ಅನ್ನೂದಿಲ್ಲ. ಆದ್ರ ಕಬ್ಬಿಣದ ಗೂಟ ಒಳಗ ಇಳಿಸಿ, ಮ್ಯಾಲ ಎರಕ ಹಾಕೇನಿ. ಕಲ್ಲ ತಿರಗತೈತಿ, ಮ್ಯಾಲ ಏಳೂದಿಲ್ಲ. ಈಗ ಮೀಟಿ ತಗದ್ರ ನಡುವ ಎರಡ ಹೋಳ ಆಗತೈತಿ. ಒಡದ ಕಲ್ಲ ಮದುವಿ ಮನಿಗೆ ಒಯ್ತೀರೇನು?"

ಸುನಂದಾ ಇಲ್ಲವೆಂದು ತಲೆಯಾಡಿಸಿದಳು.

"ನಾನ ಬಂದು ನಿಮ್ಮ ಅತ್ತಿಯವ್ರಿಗೆ ಹೇಳ್ತೇನಿ ಬೇಕಾದ್ರ. ತಪ್ಪ ನಂದು ಅಂತೇನಿ."

"ಬ್ಯಾಡ್ರಿ, ಬ್ಯಾಡ. ಅವ್ರು ಇಲ್ಲೇ ಬಂದಾರ. ಬೇವಿನ ಗಿಡದ ಕೆಳಗ ಕೂತಾರ. ಅವ್ರನ್ನ ಇತ್ತಾಗ ಬರಗೊಡಬಾರ್ದು. ಹೆಂಗರ ಮಾಡಿ ಗಾಡಿ ಹತ್ತಿಸಿದ್ನೆಂದ್ರ..."

ಅವಳ ಮಾತು ಮುಗಿಯಲಿಲ್ಲ. ಹಿಂದಿನಿಂದ ಘರ್ರ್ ಎಂದು ಕಲ್ಲು ತಿರುಗುವ ಸದ್ದು ಕೇಳಿತು. ಶಾಲೆಯ ಹುಡುಗರು ಬೆಳಿಗ್ಗೆಯಿಂದ ಕಲ್ಲು ತಿರುಗಿಸಿ ಓಡುತ್ತಿದ್ದರೆಂದು ಮೆಹರಾಜ ಅತ್ತ ನೋಡಲೂ ಇಲ್ಲ. ಆದರೆ ಈ ಸದ್ದು ನಿಲ್ಲಲಿಲ್ಲ. ಒಂದೇ ಹದದಲ್ಲಿ, ಸುತ್ತಿನ ಕೊನೆಗೆ ತುಸು ಭಾರವಾಗಿ, ಮತ್ತೆ ಹಗುರಾಗಿ ತಿರುಗುತ್ತಲೇ ಇತ್ತು. ಇಬ್ಬರೂ ತಿರುಗಿ ನೋಡಿದರು.

ಸಿದ್ದಲಿಂಗವ್ವ ನೆಲದ ಮೇಲೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತಿದ್ದಳು. ನೋಯುವ ಮೊಣಕಾಲು ಮಡಚಿದ ಕಾಲಿನದೇ. ಅವಳ ಹಿಂದೆ ಪಲ್ಲವಿ, ನಾನೇನು ಮಾಡಲಿ ಎನ್ನುವಂತೆ ಎರಡೂ ಕೈ ಚೆಲ್ಲಿ ನಿಂತಿದ್ದಳು. ಅತ್ತೆ ತಿರುಗಿಸುತ್ತಿದ್ದದ್ದು ಅದೇ ಕಲ್ಲನ್ನು.

"ಸುನಂದಾ, ಬಾ ಇಲ್ಲಿ."

ಸುನಂದಾ ಹೋದಳು.

"ಈ ಅಂಚ ಮುಟ್ಟಿ ನೋಡು. ನಿನ್ನ ಗಂಡ ಸಣ್ಣಾಂವ ಇದ್ದಾಗ ಒನಕಿ ಎತ್ತಿ ಇದರ ಮ್ಯಾಲ ಒಗದಿದ್ದ. ಅವತ್ತ ಅವಂಗ ಹೊಡದ ಕೈ ನನಗ ಇನ್ನೂ ನೆನಪೈತಿ."

"ಹೌದ್ರಿ ಅತ್ತಿ. ನಿಮ್ಮ ಕಲ್ಲ ಇದು. ನಾನ ಕೊಟ್ಟೇನಿ." ಇಷ್ಟು ದಿನ ಬಾಯಿಗೆ ಬಾರದ ಮಾತು ಒಂದೇ ಉಸಿರಿಗೆ ಹೊರಗೆ ಬಂತು.

"ಯಾವಾಗ?"

"ನೀವು ಕಣ್ಣಿನ ಆಪರೇಶನ್ನಿಗೆ ಹೋದಾಗ್ರಿ."

"ಅಲ್ಲಿಂದ ಇಲ್ಲೀತನಕ ಹೊಟ್ಯಾಗ ಇಟಗೊಂಡಿ."

"ಹೌದ್ರಿ."

ಕಲ್ಲು ನಿಂತಿತು. ಸಿದ್ದಲಿಂಗವ್ವ ಅದರ ಬಾಯಿಯಲ್ಲಿ ಬೆರಳು ಹಾಕಿ ಕೆಳಗೇನಿದೆ ಎಂದು ತಡವಿ ನೋಡಿದಳು. "ಕೆಳಗಿಂದು ನಂದಲ್ಲ ಇದು. ಅದೆಲ್ಲೈತಿ?"

"ಮನ್ಯಾಗ್ರಿ. ಡ್ರಮ್ಮಿನ ಕೆಳಗ."

ಮುದುಕಿಯ ಮೋರೆ ಆಗ ಬಿಗಿಯಾಯಿತು. ಸುನಂದಾ ಎರಡು ವರ್ಷದಿಂದ ಅಂಜಿಕೊಂಡು ಬಂದ ಮೋರೆ ಅದೇ. "ಕೊಡೂದ ಕೊಟ್ಟಿ, ಎರಡೂ ಕೊಡಬೇಕಿತ್ತಿಲ್ಲೋ? ಜೋಡಿ ಯಾಕ ಅಗಲಿಸಿದಿ? ಬೀಸೂಕಲ್ಲಿನ ಜೋಡಿ ಯಾರರ ಅಗಲಸ್ತಾರೇನ? ಒಂದ ಅಲ್ಲಿ ನೀರ ಹೊತಗೊಂಡ ಕೂತೈತಿ, ಒಂದ ಇಲ್ಲಿ ಮಂದಿ ಮುಂದ ಬರೇ ಹೊಟ್ಟೀಲೆ ತಿರಗತೈತಿ."

ಮೆಹರಾಜ ಮುಂದೆ ಬಂದಳು. "ಆಯಿ, ಮ್ಯಾಲಿಂದ ಅಷ್ಟ ಸಾಕಂತ ಕೇಳಿದಾಕಿ ನಾನು. ಅವ್ರದೇನೂ ತಪ್ಪಿಲ್ಲ."

"ನಿನಗ ಹೇಳಾವ್ರು ಯಾರೂ ಇದ್ದಿದ್ದಿಲ್ಲೇನವ್ವಾ ಮನ್ಯಾಗ?"

"ನಮ್ಮ ದಾದಿಗೆ, ಅಪ್ಪನ ಅವ್ವಗ, ಗೊತ್ತಿತ್ತೇನೋ. ಆಕಿ ಬೀಸಕೋತ ಹಾಡತಿದ್ಲು. ನಾ ಕೇಳಿ ತಿಳಕೊಳ್ಳೂ ಅಷ್ಟರಾಗ ತೀರಿಕೊಂಡ್ಲು."

ಸಿದ್ದಲಿಂಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಕಲ್ಲಿನ ಕಡೆ ಮುಖ ತಿರುವಿದಳು. ಇನ್ನು ಮಾತು ಬಿಟ್ಟಂತೆಯೇ ಎಂದು ಸುನಂದಾ ಮನಸ್ಸು ಗಟ್ಟಿಮಾಡಿಕೊಂಡಳು. ಬಂದದ್ದು ಬರಲಿ. ಮದುವೆ ಒಂದು ಸಾಗಿಹೋದರೆ ಸಾಕು.

ಕಲ್ಲು ಮತ್ತೆ ತಿರುಗತೊಡಗಿತು. ತಿರುಗಿಸುತ್ತಲೇ ಅತ್ತೆ ಕೇಳಿದಳು. "ಇಷ್ಟ ದಿನ ಈ ಕಲ್ಲಿನ ಸಲುವಾಗಿ ನಿನ್ನ ಜೀವಾ ಯಾಕ ತಿಂದೆ, ಗೊತ್ತೈತೇನು?"

"ಸೋಮವಾರದ ಶಾಸ್ತ್ರಕ್ಕ್ರಿ."

"ಶಾಸ್ತ್ರಕ್ಕ ಐದು ಮಂದಿ ಮುತ್ತೈದೇರು ಕೂಡತಾರ. ನಾ ಎಲ್ಲಿ ಕೂಡ್ತೇನಿ?"

ಸುನಂದಾಗೆ ಗೊತ್ತಿತ್ತು. ಮಾವ ಬಸಂತರಾಯರು ತೀರಿಕೊಂಡ ಮೇಲೆ ಭಾವನ ಮಗಳ ಮದುವೆಯಾಗಿತ್ತು. ಇದೇ ಕಲ್ಲನ್ನು ಪಡಸಾಲೆಯಲ್ಲಿಟ್ಟು ಪೂಜೆ ಮಾಡಿದರು. ಮುತ್ತೈದೆಯರು ಬಂದು ಸುತ್ತ ಕೂತರು. ಏಳು ಎಂದು ಯಾರೂ ಹೇಳಲಿಲ್ಲ. ಸಿದ್ದಲಿಂಗವ್ವ ತಾನಾಗಿಯೇ ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡಳು. ಕೂಡು ಎಂದೂ ಯಾರೂ ಹೇಳಲಿಲ್ಲ. ಸುನಂದಾ ಒಂದು ಕಪ್ಪು ಚಹಾ ಒಯ್ದು, ಏನು ಮಾತಾಡಬೇಕೆಂದು ತಿಳಿಯದೆ, ಕಪ್ಪನ್ನು ನೆಲದ ಮೇಲಿಟ್ಟು ಹೊರಗೆ ಬಂದಿದ್ದಳು.

"ಅವತ್ತ ಬಾಗಲ ಹಿಂದ ಕೂತ ಕೇಳಿದೆ," ಎಂದಳು ಸಿದ್ದಲಿಂಗವ್ವ. "ಅವ್ರಿಗೆ ಬೀಸಾಕ ಬರೂದಿಲ್ಲ. ಬರೇ ಗಿರಗಿರ ತಿರಗಸ್ತಾರ. ನನ್ನ ಕಲ್ಲ, ನಾ ತವರಿಂದ ತಂದಿದ್ದು, ಮಂದಿ ಕೈಯಾಗ ಒದರಾಕತ್ತಿತ್ತು. ಎದ್ದ ಹೋಗಿ ಹಿಂಗ ಹಿಡೀರಿ ಅಂತ ಹೇಳೂ ಹಂಗಿದ್ದಿಲ್ಲ. ಅದಕ್ಕ ಈ ಸಲ ಲಗೂನ ಹೊರಗ ತಗಿ ಅಂದೆ. ನಸಕಿನ್ಯಾಗ ನೀವ್ಯಾರೂ ಏಳೂದ್ರೊಳಗ ಎದ್ದು, ಒಂದ ಹಿಡಿ ಅರಿಶಿಣ ಹಾಕಿ ನಾಕ ಸುತ್ತ ತಿರಗಸಬೇಕಂತ ಮಾಡಿದ್ನಿ. ಕದ್ದು."

ತನ್ನ ಕಲ್ಲನ್ನೇ ಕದ್ದು. ಅತ್ತೆ ಅಷ್ಟು ದಿನ ಕೇಳಿದ್ದು ಸೊಸೆಯನ್ನು ಪರೀಕ್ಷೆ ಮಾಡುವುದಕ್ಕಲ್ಲ, ಕಾಡುವುದಕ್ಕಲ್ಲ. ಇಷ್ಟಕ್ಕೆ. ಸುನಂದಾಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಂದು ಚಹಾದ ಕಪ್ಪು ಇಟ್ಟು ಹೊರಗೆ ಬಂದದ್ದಕ್ಕೆ ನಾಚಿಕೆಯೂ ಆಯಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಪಲ್ಲವಿ ಆಗಲೇ ಚೀಲದಿಂದ ಅರಿಶಿಣದ ಪೊಟ್ಟಣ ತೆಗೆದಿದ್ದಳು. ಕೋಟೆಯ ಗೋಡೆಯಿಂದ ಬಿದ್ದ ಕಲ್ಲೊಂದನ್ನು ಹೆಕ್ಕಿಕೊಂಡು ಕೊಂಬುಗಳನ್ನು ಜಜ್ಜಿದಳು. "ಆಯಿ, ನನ್ನ ಅರಿಶಿಣ ನೀನ ಬೀಸು."

ಸಿದ್ದಲಿಂಗವ್ವ ಬಿಸಿ ತಾಗಿದವಳಂತೆ ಗೂಟದಿಂದ ಕೈ ತೆಗೆದಳು. "ಬ್ಯಾಡವ್ವಾ. ಬರೇ ಕಲ್ಲ ತಿರಗಸಿದ್ನಿ, ಸಾಕು. ಒಳ್ಳೇ ಕೆಲಸ ನಿಂದು. ನಾಳೆ ಏನರ ಹೆಚ್ಚುಕಮ್ಮಿ ಆದ್ರ, ಮುದುಕಿ ಕೈ ಹಚ್ಚಿದ್ಲು ಅಂತ ನನಗ ನಾನ ಅನಕೋಬೇಕಾಗತೈತಿ."

ಹಾಗೆ ಹೇಳಿ ಸೊಸೆಯ ಮುಖ ನೋಡಿದಳು. ಮದುವೆ ಹುಡುಗಿಯ ತಾಯಿ ಅವಳು. ಬೇಡವೆಂದರೂ ನಡೆಯುತ್ತಿತ್ತು, ಸುಮ್ಮನಿದ್ದರೂ ನಡೆಯುತ್ತಿತ್ತು. ಇಷ್ಟು ವರ್ಷ ಎಲ್ಲರೂ ಮಾಡಿದ್ದು ಅದನ್ನೇ.

ಸುನಂದಾ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಕಲ್ಲಿನ ಆಚೆ, ಅತ್ತೆಯ ಎದುರಿಗೆ ಕೂತಳು. ಮಗಳ ಕೈಯಿಂದ ಅರಿಶಿಣ ತಗೊಂಡು ಕಲ್ಲಿನ ಬಾಯಿಗೆ ಹಾಕಿದಳು. ಗೂಟ ಹಿಡಿದಳು. "ಹಿಡೀರಿ ಅತ್ತಿ. ನನಗೂ ಬೀಸಾಕ ಬರೂದಿಲ್ಲ."

ಮುದುಕಿಯ ಕೈ ಸ್ವಲ್ಪ ಹೊತ್ತು ಮಡಿಲಲ್ಲೇ ಇತ್ತು. ಆಮೇಲೆ ಬಂದು ಸೊಸೆಯ ಕೈಯ ಮೇಲೆ ಕೂತಿತು. "ಅಷ್ಟ ಬಿಗಿ ಹಿಡೀಬ್ಯಾಡ. ಎಳಿಯೂದ ನಿಂದು, ನೂಕೂದ ನಂದು. ಹಾಂ, ಹಿಂಗ."

"ಕೆಳಗಿಂದ ನುಣುಪ ಕಲ್ಲ ಆಯಿ. ಸಣ್ಣ ಆಗೂದಿಲ್ಲ," ಎಂದಳು ಮೆಹರಾಜ.

"ಮ್ಯಾಲಿಂದರ ಹಲ್ಲ ಇನ್ನೂ ಗಟ್ಟಿ ಅದಾವ, ತಡಿ."

ಮೊದಲು ಕಟಕಟ ಎಂದಿತು. ಕಲ್ಲು ಒಂದೆರಡು ಸಲ ಸಿಕ್ಕಿಹಾಕಿಕೊಂಡು ನಿಂತಿತು. ನೂಕುವವಳೂ ಎಳೆಯುವವಳೂ ಒಬ್ಬರನ್ನೊಬ್ಬರು ಬೈದುಕೊಂಡು ಮತ್ತೆ ತಿರುಗಿಸಿದರು. ಆಮೇಲೆ ಸದ್ದು ಹದಕ್ಕೆ ಬಂತು. ಕಪ್ಪು ಕಲ್ಲಿನ ಅಂಚಿನ ಸುತ್ತ ಹಳದಿ ಉದುರತೊಡಗಿತು. ಸಿದ್ದಲಿಂಗವ್ವ ಗಂಟಲಲ್ಲೇ ಏನೋ ಗುನುಗಿದಳು. ಮಸೂತಿಯ ಹೆಸರು ಬಂತು, ಪಲ್ಲವಿಯ ಹೆಸರು ಬಂತು, ಬೀಗರ ಊರು ಬಂತು. ಮುಂದಿನ ಸಾಲು ನೆನಪಾಗದೆ ಮೊದಲಿನಿಂದ ಹಿಡಿದಳು. ಮೆಹರಾಜ ಅವಳ ಹಿಂದೆ ನೆಲಕ್ಕೆ ಕೂತುಬಿಟ್ಟಿದ್ದಳು.

ಸೀಟಿ ಊದುತ್ತ ಗೈಬುಸಾಬ ಬಂದ. "ಏನೂ ಹಾಕಬ್ಯಾಡ್ರಿ ಅಂತ ಬಾಗಲದಾಗ ಹೇಳಿದ್ನೆಲ್ರಿ ಅಮ್ಮಾರ!" ಎಂದವನು ಹಳದಿಯನ್ನು ನೋಡಿದ, ಪಲ್ಲವಿಯನ್ನು ನೋಡಿದ, ಮೆಹರಾಜಳ ಕಡೆ ನೋಡಿದ. ಅವಳು ಇರಲಿ ಎಂದು ಕೈ ಮಾಡಿದಳು.

"ಲಗ್ನ ಏನ್ರಿ?"

"ಹೌದು ಸಾಬ್ರ, ಮೊಮ್ಮಗಳದು. ನೀವೂ ಬರಬೇಕ ಮತ್ತ."

"ಬರ್ತೇನ್ರಿ. ಈಗ ಲಗೂ ಮುಗಸ್ರಿ, ದೊಡ್ಡ ಸಾಹೇಬ್ರು ಬರೂ ಹೊತ್ತಾತು," ಎಂದು ಅವನು ಸೀಟಿಯನ್ನು ಕಿಸೆಯಲ್ಲಿಟ್ಟುಕೊಂಡು, ಹುಡುಗರು ಈ ಕಡೆ ಬಾರದಂತೆ ನೋಡಿಕೊಳ್ಳಲು ಕಣಜದ ಮೂಲೆಗೆ ಹೋಗಿ ನಿಂತ.

ತಿರುಗಿ ಬರುವಾಗ ಟಂಟಂನಲ್ಲಿ ಸಿದ್ದಲಿಂಗವ್ವ ಸರಳು ಹಿಡಿಯಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಅರಿಶಿಣದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಸೊಸೆಯ ಭುಜಕ್ಕೆ ಒರಗಿ ನಿದ್ದೆ ಹೋದಳು. ಸುನಂದಾ ದಾರಿಯುದ್ದಕ್ಕೂ ಅಲುಗಾಡದೆ ಕೂತಳು. ಹೊಟ್ಟೆ ಹಸಿದಿತ್ತು. ಉಳಿದ ರೊಟ್ಟಿಯನ್ನು ಪಲ್ಲವಿ ಮುರಿದು ಮುರಿದು ಬಾಯಿಗೆ ಕೊಟ್ಟಳು.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಸಿದ್ದಲಿಂಗವ್ವ ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಲಿಗೆ ಹೋದಳು. ತಾಯಿ ಮಗಳು ಸೇರಿ ಡ್ರಮ್ಮಿನ ನೀರು ಚೆಲ್ಲಿ ಅದನ್ನು ಪಕ್ಕಕ್ಕೆ ಉರುಳಿಸಿದರು. ಕೆಳಗಿನ ಕಲ್ಲಿನ ಮೇಲೆ ಡ್ರಮ್ಮಿನ ತುಕ್ಕು ಬಳೆಯ ಹಾಗೆ ಸುತ್ತ ಕಟ್ಟಿತ್ತು, ಅಂಚಿಗೆ ಪಾಚಿ ಹಿಡಿದಿತ್ತು. ಅತ್ತೆ ತೆಂಗಿನ ನಾರು ತಗೊಂಡು ತಿಕ್ಕಲು ಕೂತಳು. ಅದನ್ನೂ ಅಲ್ಲಿಗೇ ಕಳಿಸುವುದೆಂದು ದಾರಿಯಲ್ಲೇ ತೀರ್ಮಾನವಾಗಿತ್ತು. ಮದುವೆ ಮುಗಿದ ಮೇಲೆ ಮೆಹರಾಜಳ ಗಾಡಿ ಬರುವುದಿತ್ತು.

ನೀರಿನ ಸದ್ದಿಗೆ ಪಕ್ಕದ ಮನೆಯ ಶೇವಂತೆವ್ವ ಗೋಡೆಯಾಚೆಯಿಂದ ಬಂದಳು. ಸೋಮವಾರ ಕೂಡಬೇಕಾದ ಮುತ್ತೈದೆಯರಲ್ಲಿ ಅವಳೂ ಒಬ್ಬಳು. "ಕಲ್ಲ ತೊಳಿಯಾಕತ್ತೀರೇನ್ರಿ ದೊಡ್ಡವ್ವಾರ? ಮ್ಯಾಲಿಂದೆಲ್ಲಿ?"

ಸಿದ್ದಲಿಂಗವ್ವನ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ.

"ಅದು ಕೋಟ್ಯಾಗ ಐತ್ರಿ," ಎಂದಳು ಸುನಂದಾ. "ಅರಿಶಿಣ ಬೀಸೂದು ಆತು. ಅಲ್ಲೇ ಬೀಸಿ ಬಂದ್ವಿ."

"ಯಾರ್ಯಾರ ಬೀಸಿದ್ರಿ?"

"ನಮ್ಮತ್ತಿ, ನಾನು."

ದನಿ ತಗ್ಗಿಸದೆ ಹೇಳಿದಳು. ಶೇವಂತೆವ್ವ ಒಬ್ಬರಾದ ಮೇಲೆ ಒಬ್ಬರ ಕೈ ನೋಡಿದಳು. ಮುದುಕಿಯ ಒದ್ದೆ ಬೆರಳುಗಳ ಸಂದಿಯಲ್ಲಿ ಹಳದಿ ಇನ್ನೂ ಹೋಗಿರಲಿಲ್ಲ. ಶೇವಂತೆವ್ವ ಸೀರೆ ಎತ್ತಿಕಟ್ಟಿ ಹಿತ್ತಲ ಕಟ್ಟೆಯ ಮೇಲೆ ಕೂತಳು. "ಎಲ್ಲಿ, ತೋರಸ್ರಿ," ಎಂದು ಅಂಗೈ ಚಾಚಿದಳು.

ಸಿದ್ದಲಿಂಗವ್ವ ಸೆರಗಿನ ಗಂಟು ಬಿಚ್ಚಿದಳು. ಶೇವಂತೆವ್ವ ಒಂದು ಚಿಟಿಕೆ ತಗೊಂಡು ಬೆರಳುಗಳ ನಡುವೆ ತಿಕ್ಕಿ ನೋಡಿದಳು.

"ತುಸು ದಪ್ಪ ಆಗೈತ್ರಿ."

"ಕೆಳಗಿನ ಕಲ್ಲ ಇದ್ದಿದ್ದಿಲ್ಲವ್ವಾ," ಎಂದು ಸಿದ್ದಲಿಂಗವ್ವ ಮತ್ತೆ ನಾರು ಎತ್ತಿಕೊಂಡಳು.

ಸುನಂದಾ ತಂಬಿಗೆಯಿಂದ ನೀರು ಹನಿಸುತ್ತ ನಿಂತಳು. ತುಕ್ಕಿನ ಬಳೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿತ್ತು, ಒದ್ದೆ ಕಲ್ಲಿನ ನಡುವೆ ಮುದುಕಿಯ ಕೈಯಿಂದ ಇಳಿದ ಹಳದಿ ನಿಂತಿತ್ತು.